ಹನ್ನೊಂದನೆಯ ಖಂಡದ ಗೆರೆ

ವಿಜ್ಞಾನ ಪತ್ರಿಕೆಯವರು ಕೇಳಿದ್ದು ಒಂದೇ ಒಂದು ಫೋಟೋ. ಬಾಟಲಿಯಲ್ಲಿ ಬಿಳಿಚಿಕೊಂಡು ಮಲಗಿದ ಹುಳುವಿನದಲ್ಲ, ಕೆಸರಿನಲ್ಲಿ ಜೀವಂತವಾಗಿರುವ ಹುಳುವಿನದು, ಅದೂ ಶುಕ್ರವಾರದೊಳಗೆ. ಉಳಿದದ್ದೆಲ್ಲ ಮುಗಿದಿತ್ತು. ಮೂವತ್ತೆಂಟು ಪುಟದ ಪ್ರಬಂಧ ಅಚ್ಚಿನ ಕರಡಾಗಿ ಬಂದು ಯಂಗ್‌ಶಿಮ್‌ಳ ಚೀಲದಲ್ಲಿ ಕೂತಿತ್ತು. ಮೊದಲ ಪುಟದಲ್ಲಿ ಹುಳುವಿನ ಹೆಸರು, ಹೆಸರಿನ ಪಕ್ಕದಲ್ಲಿ ಅದನ್ನು ಮೊದಲು ಗುರುತಿಸಿದ ಅವಳ ಮೇಷ್ಟ್ರ ಹೆಸರು, ಅದರ ಪಕ್ಕದಲ್ಲಿ ಇಸವಿ. ಸೋಮವಾರ ಬೆಳಿಗ್ಗೆ ಸೊಲ್ಮಾರು ಹಳ್ಳಿಯ ಬಸ್ಸು ಹತ್ತಿದವಳು ದಾರಿಯಲ್ಲಿ ನಾಲ್ಕು ಸಲ ಆ ಪುಟವನ್ನು ತೆಗೆದು ನೋಡಿ, ನಾಲ್ಕು ಸಲ ಒಳಗಿಟ್ಟಳು.

ಯಂಗ್‌ಶಿಮ್‌ಗೆ ನಲವತ್ತೊಂದು. ಕಡಲಿನ ಬಿರುಗೂದಲ ಹುಳುಗಳಲ್ಲಿ ಡಯೋಪಾತ್ರ ಎಂಬ ಒಂದೇ ಕುಲದ ಬೆನ್ನು ಹತ್ತಿ ಹದಿನೈದು ವರ್ಷ ಕಳೆದವಳು. ಲೋಕದಲ್ಲಿ ಈ ಕೆಲಸವನ್ನು ಗಣನೆಗೆ ತೆಗೆದುಕೊಳ್ಳುವವರು ಹನ್ನೆರಡು ಜನ ಇರಬಹುದು. ಅವರಲ್ಲಿ ಆರು ಜನರಿಗೆ ಉಳಿದ ಆರು ಜನರನ್ನು ಕಂಡರೆ ಆಗುವುದಿಲ್ಲ. ಈ ಹುಳು ಕೆಸರಿನೊಳಗೆ ಮೊಳದುದ್ದದ ಕೊಳವೆ ಕಟ್ಟಿಕೊಂಡು, ಅದರ ಬಾಯಿಗೆ ಚಿಪ್ಪಿನ ಚೂರು, ಕಸಕಡ್ಡಿ ಅಂಟಿಸಿಕೊಂಡು ಸಂಸಾರ ಮಾಡುತ್ತದೆ. ಅದಕ್ಕೇ ಸೊಲ್ಮಾರಿನವರು ಅದನ್ನು ಮನೆಹುಳ ಅನ್ನುತ್ತಾರೆ. ಮೈಯೆಲ್ಲ ಉಂಗುರದಂಥ ಖಂಡಗಳು, ಒಂದೊಂದು ಖಂಡದ ಎರಡು ಪಕ್ಕಕ್ಕೂ ಮೊಂಡುಗಾಲು, ಕಾಲಿಗೊಂದು ಕಟ್ಟು ಬಿರುಗೂದಲು. ತಲೆಯ ಮೇಲೆ ಐದು ಮೀಸೆ. ಕಿವಿರುಗಳಂತೂ ಸೀಸೆ ತೊಳೆಯುವ ಬ್ರಷ್ಷಿನ ಹಾಗೆ ಸುರುಳಿ ಸುರುಳಿ. ಇಷ್ಟು ಕುಲದವರಿಗೆಲ್ಲ ಸಮಾನ. ಜಗಳ ಹುಟ್ಟುವುದು ಅದರೊಳಗಿನ ಪ್ರಭೇದಗಳ ವಿಷಯಕ್ಕೆ, ಸಣ್ಣ ಸಣ್ಣ ಎಣಿಕೆಯಲ್ಲಿ. ಮೀಸೆಯ ಬುಡಕ್ಕೆ ಎಷ್ಟು ಬಳೆ, ಬಾಚಣಿಗೆಯಂಥ ಕೂದಲಿಗೆ ಎಷ್ಟು ಹಲ್ಲು, ಕಾಲಿನ ದಪ್ಪ ಕೊಕ್ಕೆ ಎಷ್ಟನೆಯ ಖಂಡದಲ್ಲಿ ಮೊದಲು ಕಾಣಿಸುತ್ತದೆ. ಆ ಕರಾವಳಿಯ ಉಳಿದೆಲ್ಲ ಮನೆಹುಳುಗಳಿಗೆ ಕೊಕ್ಕೆ ಹದಿನೆಂಟನೆಯ ಖಂಡದಿಂದ ಶುರು. ಸೊಲ್ಮಾರಿನದಕ್ಕೆ ಮಾತ್ರ ಹನ್ನೆರಡರಿಂದ.

ಇದನ್ನು ಮೊದಲು ಕಂಡವರು ಓಕ್ ಮೇಷ್ಟ್ರು, ನಲವತ್ತಾರು ವರ್ಷದ ಹಿಂದೆ. ಮೂರು ಹುಳು ನೋಡಿ, ಚಿತ್ರ ಬರೆದು, ಇದು ಬೇರೆಯೇ ಪ್ರಭೇದ ಎಂದು ಹೆಸರಿಟ್ಟರು. ಎರಡು ವರ್ಷ ಕಳೆಯುವುದರೊಳಗೆ ಹೊರದೇಶದ ದೊಡ್ಡ ವಿದ್ವಾಂಸರೊಬ್ಬರು ತಮ್ಮ ಗ್ರಂಥದ ಅಡಿಟಿಪ್ಪಣಿಯಲ್ಲಿ ಒಂದೇ ಸಾಲು ಬರೆದು ಆ ಹೆಸರನ್ನು ಹೊಡೆದುಹಾಕಿದರು: ಪ್ರಾಯಶಃ ಎಣಿಕೆಯ ತಪ್ಪು. ತಪ್ಪು ಅಂದಿದ್ದರೆ ಮೇಷ್ಟ್ರು ಸಹಿಸುತ್ತಿದ್ದರೇನೋ. ಹನ್ನೆರಡರವರೆಗೆ ಎಣಿಸಲು ಬರುವುದಿಲ್ಲ ಅನ್ನಿಸಿಕೊಂಡದ್ದು ಅವರನ್ನು ಜೀವಮಾನವಿಡೀ ಕೊರೆಯಿತು. ಆ ಮೂರು ಹುಳುಗಳ ಬಾಟಲಿ ವಿಭಾಗದ ಕಟ್ಟಡ ಬದಲಾಯಿಸುವಾಗ ಒಡೆದುಹೋಗಿ, ಸಾಕ್ಷಿಗೆ ಚಿತ್ರವೊಂದೇ ಉಳಿಯಿತು. ಈಗ ಮೇಷ್ಟ್ರಿಗೆ ಎಂಬತ್ತು. ಕಣ್ಣು ಹೆಚ್ಚುಕಮ್ಮಿ ಹೋಗಿದೆ, ಮೂತ್ರಪಿಂಡ ಕೈಕೊಟ್ಟಿದೆ, ಚಳಿಗಾಲ ದಾಟಿದರೆ ದೊಡ್ಡದು ಅಂದಿದ್ದಾರೆ ವೈದ್ಯರು. ವಾರಕ್ಕೊಮ್ಮೆ ಫೋನು ಮಾಡಿ ಕೇಳುವುದು ಒಂದೇ ಮಾತು: "ಅಚ್ಚಾಯ್ತಾ?"

ಯಂಗ್‌ಶಿಮ್ ಮೂರಲ್ಲ, ಸೊಲ್ಮಾರಿನ ನಲವತ್ತು ಹುಳು ಎಣಿಸಿದ್ದಳು. ನಲವತ್ತರಲ್ಲೂ ಹನ್ನೆರಡು. ಮೇಷ್ಟ್ರ ಹೆಸರು ಶುಕ್ರವಾರ ಮತ್ತೆ ಎದ್ದು ನಿಲ್ಲುವುದರಲ್ಲಿತ್ತು.

ಆದರೂ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗೆಲ್ಲುವ ಹೊತ್ತಿಗೆ ಹೀಗೇ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಸೊಲ್ಮಾರಿನ ಒಡ್ಡಿನ ಮೇಲೆ ಇಳಿದಾಗ ಕಡಲು ಕಣ್ಣಿಗೆ ಕಾಣದಷ್ಟು ಹಿಂದೆ ಸರಿದಿತ್ತು. ಆರು ವರ್ಷದಿಂದ ಬರುತ್ತಿದ್ದರೂ ಅವಳು ಇಳಿತದ ಹೊತ್ತಿಗೆ ಬಂದದ್ದು ಇದೇ ಮೊದಲು. ಅವಳ ಬಸ್ಸು ಬರುತ್ತಿದ್ದದ್ದು ಯಾವಾಗಲೂ ನೀರು ಏರುವಾಗ; ಗಾಳಕ್ಕೆ ಹುಳು ಅಗೆದು ಮಾರುವ ಊರ ಹೆಂಗಸರು ಒಡ್ಡಿನ ಮೇಲೆ ಹುಳುವಿನ ಬಕೆಟ್ಟು ತಂದು ಕೊಡುತ್ತಿದ್ದರು, ಅವಳು ಪೊಟ್ಟಣದ ಕಾಫಿ ಕುಡಿದು, ಬಕೆಟ್ಟು ಹಿಡಿದು, ಅದೇ ಬಸ್ಸಿಗೆ ವಾಪಸಾಗುತ್ತಿದ್ದಳು. ಗಾಳ ಹಾಕುವವರಿಗೆ ಮನೆಹುಳದ ಮುಂಭಾಗ ಬೇಕು, ಹೆಸರಿಡುವವರಿಗೂ ಮುಂಭಾಗವೇ ಬೇಕು. ಬಾಲ ಕೇಳುವವರು ಪ್ರಪಂಚದಲ್ಲಿ ಯಾರೂ ಇಲ್ಲ.

ಕೆಸರುಬಯಲಿನಲ್ಲಿ ಹತ್ತು ಹೆಜ್ಜೆ ಹೋಗುವುದರೊಳಗೆ ಅವಳು ಮೊಣಕಾಲವರೆಗೆ ಹೂತುಹೋದಳು.

"ಕಾಲು ಎತ್ತಬೇಡಿ ಡಾಕ್ಟ್ರಮ್ಮ, ಜಾರಿಸಿ," ಎಂದು ಕೂಗಿದಳು ಬೊಕ್ದಾನ್ ಅಜ್ಜಿ. ಎಪ್ಪತ್ತಾರು ವರ್ಷದ ಆಕೆ ಕುಂಡಿಗೆ ಸ್ಪಂಜಿನ ಮಣೆ ಕಟ್ಟಿಕೊಂಡು, ಹಲಗೆಯ ಜಾರುಬಂಡಿಯನ್ನು ಒಂದು ಕಾಲಲ್ಲಿ ತಳ್ಳಿಕೊಂಡು ಬಂದಳು. "ಎತ್ತಿದಷ್ಟೂ ಕೆಸರಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿಯಾಗುತ್ತೆ."

"ಬೂಟು ಒಳಗೇ ಉಳೀತು ಅಜ್ಜಿ."

"ಉಳೀಲಿ ಬಿಡಿ. ಯಾವ್ದಾದ್ರೂ ಹುಳ ಬಂದು ಬಾಡಿಗೆಗೆ ಇರುತ್ತೆ. ಹತ್ತಿ ಬಂಡಿ."

ದೂರದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಐವರು ಹೆಂಗಸರು ಬಾಯಿ ತುಂಬ ನಕ್ಕರು. ಒಬ್ಬಳು ಕೇಳಿದಳು, "ಏನಂತೆ, ಇನ್ನೂ ಹೆಸರಿಟ್ಟಿಲ್ವಂತಾ ಆ ಹುಳಕ್ಕೆ?"

"ಆರು ವರ್ಷದಿಂದ ಇಡ್ತಾನೇ ಇದಾರೆ," ಅಂದಳು ಅಜ್ಜಿ. "ನಮ್ಮನೆ ನಾಯಿಗೆ ಹೆಸರಿಡೋಕೆ ನಂಗೆ ಅರ್ಧ ದಿನ ಹಿಡೀಲಿಲ್ಲ. ಡಾಕ್ಟ್ರಮ್ಮ, ಅದು ಮುಗಿದ್ಮೇಲೆ ನನ್ನ ಮೊಣಕಾಲಿಗೂ ಒಂದು ಹೆಸರು ನೋಡಿ. ನೋವು ಅಂತ ಕರೆದು ಕರೆದು ಸಾಕಾಗಿದೆ."

ಯಂಗ್‌ಶಿಮ್ ಕ್ಯಾಮೆರಾ ತೆಗೆದಳು. ಕೆಸರಿನಿಂದ ಬೆರಳುದ್ದ ಮೇಲೆದ್ದ ಕೊಳವೆಯ ಬಾಯೊಂದನ್ನು ಅಜ್ಜಿ ತೋರಿಸಿ, ಉಸಿರು ಬಿಗಿಹಿಡಿಯಲು ಹೇಳಿದಳು. ನೆರಳು ಬಿದ್ದರೆ ಹುಳು ಇಳಿದುಬಿಡುತ್ತದೆ. ಮೀಸೆಗಳು ಹೊರಬಂದವು, ಆಮೇಲೆ ಕೆಂಪು ಕಿವಿರುಗಳು. ಹದಿನೈದು ವರ್ಷ ಬಕೆಟ್ಟಿನಲ್ಲಿ, ಬಾಟಲಿಯಲ್ಲಿ ಬಿಳಿಚಿದವನ್ನೇ ನೋಡಿದ್ದವಳಿಗೆ ಆ ಕೆಂಪು ನೋಡಿ ಸುಮ್ಮನೆ ಸಂತೋಷವಾಯಿತು. ಫೋಟೋ ಚೆನ್ನಾಗಿಯೇ ಬಂತು.

ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು, ನೋಡುತ್ತ ಕೂತಳು.

ಅಜ್ಜಿ ಕೊಳವೆಯ ಪಕ್ಕ ಗುದ್ದಲಿ ಇಳಿಸಿ, ಇನ್ನೊಂದು ಕೈಯನ್ನು ಕೆಸರಿನೊಳಗೆ ತೂರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಗೇಣು ಹುಳುವನ್ನು ಮೇಲೆತ್ತಿ ಬಕೆಟ್ಟಿಗೆ ಹಾಕಿದಳು. ಆಮೇಲೆ ತೂತಿನ ಮೇಲೆ ಕೆಸರು ಎಳೆದು ಅಂಗೈಯಿಂದ ಎರಡು ಸಲ ತಟ್ಟಿದಳು. ಮಗುವನ್ನು ಮಲಗಿಸುವವರು ತಟ್ಟುವ ಹಾಗೆ.

"ಹುಳ ತುಂಡಾಯ್ತಲ್ಲ ಅಜ್ಜಿ. ಕೆಳಗಿಂದು ಒಳಗೇ ಉಳೀತು."

"ಉಳೀತು ಅಲ್ಲ, ಉಳಿಸಿದ್ದು."

"ಯಾಕೆ?"

"ಯಾಕೆ ಅಂದ್ರೆ? ಬುಡ ಸಮೇತ ಕಿತ್ರೆ ಮುಂದಿನ ವರ್ಷಕ್ಕೆ ತಲೆ ಎಲ್ಲಿಂದ ಬರುತ್ತೆ?"

ಅಜ್ಜಿಗೆ ಇದು ಹೊಸಬರಿಗೆ ಹೇಳುವ ಪಾಠ ಅನ್ನಿಸಿ ಉತ್ಸಾಹ ಬಂತು.

"ಈರುಳ್ಳಿ ಸೊಪ್ಪು ಕೊಯ್ತೀವಲ್ಲ, ಹಾಗೇ. ಮೇಲಿನ ಗೇಣು ಕೊಯ್ಯೋದು, ಕೆಳಗಿಂದು ಬಿಡೋದು. ಅದು ಮತ್ತೆ ತಲೆ ತಂದ್ಕೊಳ್ಳುತ್ತೆ, ಮೀಸೆನೂ ತಂದ್ಕೊಳ್ಳುತ್ತೆ. ಪಕ್ಕದ ಊರೋರು ಪೂರ್ತಿ ಕಿತ್ತು ಕಿತ್ತು ಅವರ ಬಯಲಲ್ಲಿ ಈಗ ಏಡಿನೂ ಇಲ್ಲ. ನಮ್ಮದ್ರಲ್ಲಿ ಮಾತ್ರ ಈ ಕಟ್ಟು. ಬೆರಳಿಗಿಂತ ಸಣ್ಣ ಕೊಳವೆ ಮುಟ್ಟಂಗಿಲ್ಲ, ದಪ್ಪ ಆಗಿದ್ದನ್ನ ಬುಡಕ್ಕೆ ಕೀಳಂಗಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಒಂದು ಪೂರ್ತಿ ಕಿತ್ತಿದ್ದಕ್ಕೆ ನಮ್ಮತ್ತೆ ಮೂರು ದಿನ ಮಾತಾಡಿಸ್ಲಿಲ್ಲ. ಅವಳ ಅತ್ತೆ ಕಾಲದಿಂದ್ಲೂ ಹೀಗೇ."

"ಹಾಗಾದ್ರೆ ನಂಗೆ ಕೊಟ್ಟಿದ್ದು..."

"ಒಂದು ಸಲ ಕೊಯ್ದಿದ್ದು, ಎರಡು ಸಲ ಕೊಯ್ದಿದ್ದು. ಹಳೇ ತಲೆ ಇರೋ ದಪ್ಪ ಹುಳ ಈ ಬಯಲಲ್ಲಿ ಇಲ್ವೇ ಇಲ್ಲ."

"ನೀವ್ಯಾಕೆ ಹೇಳ್ಲಿಲ್ಲ ಅಜ್ಜಿ?"

ಬೊಕ್ದಾನ್ ಅಜ್ಜಿ ಅವಳನ್ನು ಅಚ್ಚರಿಯಿಂದ ನೋಡಿದಳು. "ನೀವೆಲ್ಲಿ ಕೇಳಿದ್ರಿ?"

ಯಂಗ್‌ಶಿಮ್ ಬೆರಳಿಗಿಂತ ಸಣ್ಣದೊಂದು ಹುಳು, ಯಾರೂ ಮುಟ್ಟದ್ದು, ಬೇಕು ಎಂದು ಬೇಡಿದಳು. ಅಜ್ಜಿ ಆಗುವುದಿಲ್ಲ ಅಂದಳು. ಮತ್ತೆ ಬೇಡಿದಳು. ಅವಳ ಮುಖದಲ್ಲಿ ಏನು ಕಂಡಿತೋ, ಅಜ್ಜಿ ಉಳಿದವರ ಕಡೆಗೆ ಬೆನ್ನು ಮಾಡಿ ಕೂತು ಒಂದನ್ನು ಕಿತ್ತು ಕೊಟ್ಟಳು. "ಇದೊಂದೇ. ನಮ್ಮತ್ತೆ ಮೇಲಿಂದ ನೋಡ್ತಿರ್ತಾಳೆ."

ಪ್ರಯೋಗಾಲಯಕ್ಕೆ ಬಂದವಳು ಕೋಟು ಕೂಡ ಬಿಚ್ಚದೆ ಆ ಸಣ್ಣ ಹುಳುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೂರು ಸಲ ಎಣಿಸಬೇಕು ಎಂಬುದು ಓಕ್ ಮೇಷ್ಟ್ರ ಕಟ್ಟಪ್ಪಣೆ. ಮೊದಲ ಸಲ ಹದಿನೆಂಟು. ಎರಡನೆಯ ಸಲ ಹದಿನೆಂಟು. ಮೂರನೆಯ ಸಲ ಅರ್ಧಕ್ಕೆ ನಿಲ್ಲಿಸಿ ಎದ್ದುಹೋಗಿ, ನೀರು ಕುಡಿದು ಬಂದು, ಮತ್ತೆ ಮೊದಲಿನಿಂದ ಎಣಿಸಿದಳು. ಹದಿನೆಂಟೇ. ಅದು ಊರೂರಲ್ಲಿ ಸಿಗುವ ಮಾಮೂಲಿ ಮನೆಹುಳು.

ಆಮೇಲೆ ನಲವತ್ತು ಬಾಟಲಿಗಳನ್ನೂ ಒಂದೊಂದಾಗಿ ತೆರೆದಳು. ಹನ್ನೊಂದನೆಯ ಖಂಡದ ಹಿಂದೆ, ನಲವತ್ತರಲ್ಲೂ, ಮೈಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ. ಗೆರೆಯ ಮುಂದಿನ ಭಾಗ ತುಸು ತೆಳ್ಳಗೆ, ತುಸು ಬಿಳಿಚು. ಎಲ್ಲಿ ಕೊಯ್ದರೂ ಹುಳು ಮರಳಿ ಬೆಳೆಸಿಕೊಳ್ಳುತ್ತಿದ್ದದ್ದು ಹನ್ನೊಂದೇ ಖಂಡ. ಅದರ ಹಿಂದಿನದೆಲ್ಲ ಹಳೆಯ ಮೈ, ಕೊಕ್ಕೆ ಮೊದಲೇ ಇದ್ದ ಮೈ. ಹಾಗಾಗಿ ಎಣಿಸಿದವರಿಗೆಲ್ಲ ಹನ್ನೆರಡರಲ್ಲಿ ಕೊಕ್ಕೆ. ಈ ಬಿಳಿಚನ್ನು ಅವಳು ನೋಡಿರಲಿಲ್ಲ ಎಂದಲ್ಲ. ಪ್ರಬಂಧದ ಇಪ್ಪತ್ತೆರಡನೆಯ ಪುಟದಲ್ಲಿ, ಈ ಪ್ರಭೇದದ ಇನ್ನೊಂದು ವಿಶೇಷ ಲಕ್ಷಣ ಎಂದು ಹೆಮ್ಮೆಯಿಂದ ಬರೆದೂ ಇದ್ದಳು.

ಗೋಡೆಯ ಮೇಲೆ ಮೇಷ್ಟ್ರ ಹಳೆಯ ಚಿತ್ರದ ಪ್ರತಿಯಿತ್ತು. ಅದರಲ್ಲಿ ಮೂರನೆಯ ಹುಳುವಿನ ಮೇಲೆ ಒಂದು ನವಿರಾದ ಪೆನ್ಸಿಲ್ ಗೆರೆ ಅಡ್ಡಲಾಗಿತ್ತು. ಕಾಗದ ಮಡಿಸಿದ್ದ ಗುರುತು ಎಂದು ಹದಿನೈದು ವರ್ಷ ಅಂದುಕೊಂಡಿದ್ದಳು. ಈಗ ಹತ್ತಿರ ಹೋಗಿ ಖಂಡಗಳನ್ನು ಎಣಿಸಿದಳು. ಹನ್ನೊಂದರ ಹಿಂದೆ ಇತ್ತು ಗೆರೆ.

ಮಂಗಳವಾರ, ಬುಧವಾರ ಅವಳು ಒಂದು ಕಡೆ ನಿಲ್ಲಲಿಲ್ಲ. ನೀರು ಕಾಯಲು ಇಟ್ಟು ಮರೆತಳು. ಕಿತ್ತಳೆ ಸುಲಿದು ಮೇಜಿನ ಮೇಲೆ ಸಾಲಾಗಿ ಇಟ್ಟು, ತಿನ್ನದೆ ಎದ್ದುಹೋದಳು. ಪತ್ರಿಕೆಗೆ ಎರಡು ಪತ್ರ ಬರೆದಳು; ಒಂದರಲ್ಲಿ ಫೋಟೋ ಲಗತ್ತಿಸಿದೆ ಎಂದು, ಇನ್ನೊಂದರಲ್ಲಿ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆ ಎಂದು. ಯಾರಿಗೆ ಗೊತ್ತಾಗುತ್ತದೆ? ಕೆಸರಿಗೆ ಇಳಿಯುವ ಹೆಂಗಸರು ಆ ಪತ್ರಿಕೆ ಓದುವುದಿಲ್ಲ, ಪತ್ರಿಕೆ ಓದುವವರು ಕೆಸರಿಗೆ ಇಳಿಯುವುದಿಲ್ಲ. ಅಚ್ಚಾಗಲಿ. ಮೇಷ್ಟ್ರು ಕೇಳಿ ಖುಷಿಪಡಲಿ. ಅವರು ಹೋದ ಮೇಲೆ, ಒಂದು ವರ್ಷ ಬಿಟ್ಟು, ತಾನೇ ತಿದ್ದುಪಡಿ ಬರೆದರಾಯಿತು. ಈ ಯೋಚನೆ ಬಂದಾಗ ಮೊದಲು ಹಾಯೆನಿಸಿತು. ಮರುಕ್ಷಣವೇ, ಮೇಷ್ಟ್ರ ಸಾವಿಗೆ ದಿನ ಎಣಿಸುತ್ತ ಕೂತಿದ್ದೇನೆ ಅನ್ನಿಸಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಗುರುವಾರ ಮಧ್ಯಾಹ್ನ ಎರಡೂ ಪತ್ರಗಳನ್ನು ಅಚ್ಚು ಹಾಕಿಸಿಕೊಂಡು, ಕರಡಿನ ಜೊತೆ ಚೀಲಕ್ಕೆ ಹಾಕಿ, ಮೇಷ್ಟ್ರ ಮನೆಗೆ ಹೋದಳು. ಯಾವುದನ್ನು ಹೊರಗೆ ತೆಗೆಯುತ್ತೇನೆ ಎಂಬುದು ಬಾಗಿಲು ತಟ್ಟುವಾಗಲೂ ಅವಳಿಗೆ ಗೊತ್ತಿರಲಿಲ್ಲ.

ಬಾಗಿಲು ತೆರೆದದ್ದು ಮೇಷ್ಟ್ರ ಹೆಂಡತಿ. ಯಂಗ್‌ಶಿಮ್ ಆಕೆಯನ್ನು ಅಮ್ಮ ಎಂದೇ ಕರೆಯುವುದು.

"ನೀನು ಬರ್ತೀಯ ಅಂತ ಬೆಳಿಗ್ಗೆನೇ ಗಡ್ಡ ಮಾಡಿಸ್ಕೊಂಡು ಕೂತಿದಾರೆ," ಅಂದರು ಅಮ್ಮ ತಗ್ಗಿದ ದನಿಯಲ್ಲಿ. "ನಾನು ಕೇಳ್ದೆ, ಹುಳದ ಮದುವೆನೋ ನಿಮ್ಮದೋ ಅಂತ. ಒಳಗೆ ಬಾ, ಗಂಜಿ ಮಾಡಿದೀನಿ."

ಮೇಷ್ಟ್ರು ಕೆಳಗಿನಿಂದ ಕಾಯಿಸಿದ ಬಿಸಿನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ನುಣ್ಣಗೆ ಬೋಳಿಸಿದ ಮುಖ ಅವಳ ಹೆಜ್ಜೆಯ ಸದ್ದಿನ ಕಡೆಗೆ ತಿರುಗಿತು.

"ಅಚ್ಚಾಯ್ತಾ?"

"ಕರಡು ಬಂದಿದೆ ಮೇಷ್ಟ್ರೇ."

"ಓದು. ಮೊದಲನೇ ಪುಟ ಸಾಕು."

ಅವಳು ಓದಿದಳು. ಹುಳುವಿನ ಹೆಸರು, ಅವರ ಹೆಸರು, ಇಸವಿ. ಮೇಷ್ಟ್ರ ತುಟಿಗಳು ಅವಳ ಜೊತೆಗೇ ಅಲುಗಾಡಿದವು.

"ಇನ್ನೊಂದ್ಸಲ."

ಇನ್ನೊಂದು ಸಲ ಓದಿದಳು. ಮೂರನೆಯ ಸಲ ಓದು ಅಂದಾಗ ಕರಡನ್ನು ಕೆಳಗಿಟ್ಟಳು. ಅಮ್ಮ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ, ಅದು ಬೇರೆ ಪ್ರಭೇದ ಅಲ್ಲ."

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಆಗಲಿಲ್ಲ. ಬೊಕ್ದಾನ್ ಅಜ್ಜಿ, ಗೇಣು ಲೆಕ್ಕ, ಅತ್ತೆಯ ಕಟ್ಟು, ಸಣ್ಣ ಹುಳುವಿನ ಹದಿನೆಂಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊಯ್ದ ತಲೆ ಮತ್ತೆ ಬೆಳೆಯುತ್ತದೆ, ಹನ್ನೊಂದೇ ಖಂಡ ಬೆಳೆಯುತ್ತದೆ, ತಾವಿಬ್ಬರೂ ಎಣಿಸಿದ್ದು ಹೊಸ ತಲೆ ಬಂದ ಹಳೆಯ ಹುಳುಗಳನ್ನು ಅಂದಳು. ಬಾಟಲಿಯೊಳಗೆ ಕಂಡ ಗೆರೆಯ ಮಾತೊಂದನ್ನು ಮಾತ್ರ ಎತ್ತಲಿಲ್ಲ. ಅದನ್ನು ಎತ್ತಿದರೆ ಚಿತ್ರದ ಮಾತು, ಗೆರೆಯನ್ನು ಅವರೂ ಕಂಡಿದ್ದರೆಂಬ ಮಾತು ಬರುತ್ತದೆ; ಅಷ್ಟು ಮರ್ಯಾದೆಯಾದರೂ ಅವರಿಗೆ ಉಳಿಯಲಿ ಅಂದುಕೊಂಡಳು.

ಮೇಷ್ಟ್ರು ಹಾಸಿಗೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ ಬಿಡಿಸುತ್ತ ಇದ್ದರು.

"ಹನ್ನೊಂದರ ಹಿಂದೆ ಗೆರೆ ಇದೆಯಾ?" ಎಂದು ಕೇಳಿದರು.

"ಇದೆ."

"ಎಷ್ಟರಲ್ಲಿ?"

"ನಲವತ್ತರಲ್ಲೂ."

"ನನ್ನದು ಮೂರರಲ್ಲೂ ಇತ್ತು," ಅಂದರು ಮೇಷ್ಟ್ರು. "ಮೂರನೇದರ ಚಿತ್ರದಲ್ಲಿ ಹಾಕಿದೆ. ಬರಹದಲ್ಲಿ ಬಿಟ್ಟೆ. ಔಷಧಿ ನೀರಲ್ಲಿ ಬಿದ್ದ ಸುಕ್ಕು ಅಂದ್ಕೊಂಡೆ. ಅಂದ್ಕೊಂಡೆ ಅಂತ ಸುಮ್ನೆ ಹೇಳ್ತೀನಿ, ಸುಕ್ಕೇ ಆಗಿರ್ಲಿ ಅಂತ ಬೇಡ್ಕೊಂಡೆ. ನಂಗೆ ಆಗ ಮೂವತ್ನಾಲ್ಕು. ಒಂದು ಹುಳಕ್ಕೆ ಹೆಸರಿಡಬೇಕು ಅಂತ ಬಹಳ ಆಸೆಯಿತ್ತು."

"ನಂಗೂ ಇತ್ತು ಮೇಷ್ಟ್ರೇ. ಬಿಳಿಚಿರೋದು ನಾನೂ ನೋಡಿದ್ದೆ."

"ನೋಡಿರ್ತೀಯ. ನಾನೇ ಕಲಿಸಿದ್ದಲ್ವಾ." ಅವರಿಗೆ ನಗು ಬಂತು, ಜೊತೆಗೆ ಕೆಮ್ಮೂ ಬಂತು. ಅಮ್ಮ ಬಂದು ಬೆನ್ನು ಸವರಿದರು. ಕೆಮ್ಮು ನಿಂತ ಮೇಲೆ ಮೇಷ್ಟ್ರು ಮತ್ತೆ ಕೇಳಿದರು, "ಆದ್ರೆ ಎಣಿಕೆ? ಎಣಿಕೆ ತಪ್ಪಿರ್ಲಿಲ್ಲ ಅಲ್ವಾ?"

"ಇಲ್ಲ ಮೇಷ್ಟ್ರೇ. ಹನ್ನೆರಡೇ. ನಲವತ್ತರಲ್ಲೂ ಹನ್ನೆರಡೇ."

"ಹಾಂ," ಅಂದರು. ಸ್ವಲ್ಪ ಹೊತ್ತು ಆ ಸಂಖ್ಯೆಯನ್ನೇ ಬಾಯೊಳಗೆ ಇಟ್ಟುಕೊಂಡವರ ಹಾಗೆ ಕೂತಿದ್ದರು. "ಮೂರು ಸಲ ಹೋಗಿದ್ದೆ ಆ ಊರಿಗೆ. ಒಡ್ಡಿನ ಮೇಲೆ ನಿಂತು ಬಕೆಟ್ ಇಸ್ಕೊಂಡು ಬಂದೆ."

"ನಾನು ಆರು ವರ್ಷ ಇಸ್ಕೊಂಡೆ."

"ತಲೆ ಬೆಳೆಯೋಕೆ ಎಷ್ಟು ದಿನ ಬೇಕು ಅಂತ ಆ ಅಜ್ಜಿನ ಕೇಳಿದ್ಯಾ?"

"ಇಲ್ಲ."

"ನೋಡು, ಇನ್ನೂ ಕೇಳ್ಲಿಲ್ಲ ನೀನು," ಎಂದು ರೇಗಿದರು, ತರಗತಿಯಲ್ಲಿ ರೇಗುತ್ತಿದ್ದ ಹಾಗೇ. "ಮೊದ್ಲು ಹೋಗಿ ಕೇಳು. ಎಷ್ಟು ದಿನ, ಮೀಸೆ ಮೊದ್ಲಾ ಕಿವಿರು ಮೊದ್ಲಾ, ಎಲ್ಲಾ ಅವಳಿಗೆ ಗೊತ್ತಿರುತ್ತೆ. ಅದನ್ನ ಬರಿ. ಅವಳ ಹೆಸರು ಹಾಕಿ ಬರಿ. ವಾಪಸ್ ತಗೊಳ್ಳೋ ಪತ್ರ ತಂದಿದೀಯಾ?"

"ತಂದಿದೀನಿ."

"ಇನ್ನೊಂದೂ ತಂದಿರ್ತೀಯ."

ಯಂಗ್‌ಶಿಮ್ ತಲೆ ತಗ್ಗಿಸಿದಳು. ಅವರಿಗೆ ಕಾಣುವುದಿಲ್ಲ ಎಂಬುದು ಆ ಕ್ಷಣ ನೆನಪಿರಲಿಲ್ಲ. "ಹೂಂ," ಅಂದಳು.

"ಅದನ್ನ ಒಲೆಗೆ ಹಾಕು. ಇದಕ್ಕೆ ನಾನೂ ರುಜು ಹಾಕ್ತೀನಿ. ನಾನಿಟ್ಟ ಹೆಸರು, ನಾನೇ ಹೊಡೆದುಹಾಕ್ಬೇಕು."

ಅವಳು ಪತ್ರವನ್ನು ಗಂಜಿಯ ಮಣೆಯ ಮೇಲೆ ಹರಡಿ, ಅವರ ಬೆರಳ ನಡುವೆ ಪೆನ್ನು ಇಟ್ಟಳು. ಅಮ್ಮ ಕೈ ಹಿಡಿಯಲು ಹೋದರು, ಮೇಷ್ಟ್ರು ಬೇಡ ಅಂದರು. ಕಡಲಹುಳುಗಳ ಒಂದೊಂದು ಕೂದಲನ್ನೂ ಬಿಡಿಬಿಡಿಯಾಗಿ ಬರೆದಿದ್ದ ಕೈ ಅದು. ಈಗ ರುಜು ಗೆರೆಯಿಂದ ಕೆಳಗಿಳಿದು, ಕಾಗದದ ಅಂಚು ದಾಟಿ, ಕೊನೆಯ ಅಕ್ಷರ ಮಣೆಯ ಮೇಲೆ ಬಿತ್ತು. ಯಂಗ್‌ಶಿಮ್ ಅದರ ಕೆಳಗೆ ತನ್ನ ರುಜು ಹಾಕಿ, ಫೋನಿನಲ್ಲಿ ಚಿತ್ರ ತೆಗೆದು, ಪತ್ರಿಕೆಯವರ ವಿಳಾಸ ಬರೆದಳು. ಮುಟ್ಟಿದರೆ ಹೋಗುತ್ತದೆ ಅನ್ನುವಾಗ ಮೇಷ್ಟ್ರು ಕೈ ಎತ್ತಿದರು.

"ಇರು. ಕಳಿಸೋಕೆ ಮುಂಚೆ ಆ ಮೊದಲನೇ ಪುಟ ಇನ್ನೊಂದ್ಸಲ ಓದು."

ಅವಳು ಕರಡನ್ನು ಎತ್ತಿಕೊಂಡಳು. ಹುಳುವಿನ ಹೆಸರು ಓದಿದಳು. ಅವರ ಹೆಸರು ಓದಿದಳು. ಇಸವಿ ಓದುವಾಗ ಅಂಕಿಗಳು ಕಲಸಿಹೋದವು, ಆದರೆ ಅದು ಅವಳಿಗೆ ಬಾಯಿಪಾಠವಿತ್ತು. ಮೇಷ್ಟ್ರು ಈ ಸಲ ತುಟಿ ಅಲುಗಾಡಿಸಲಿಲ್ಲ. ಕಣ್ಣು ಮುಚ್ಚಿಕೊಂಡು, ಬೋಳಿಸಿದ ಗಲ್ಲವನ್ನು ಸ್ವಲ್ಪ ಮೇಲೆತ್ತಿ ಕೇಳಿಸಿಕೊಂಡರು.

"ಚೆನ್ನಾಗಿದೆ," ಅಂದರು. "ಈಗ ಕಳಿಸು."

ಅವಳು ಕಳಿಸಿದಳು. ಗಂಜಿ ಆರಿಹೋಗಿದೆ ಎಂದು ಅಮ್ಮ ಬಟ್ಟಲು ಎತ್ತಿಕೊಂಡು ಬಿಸಿ ಮಾಡಲು ಒಳಗೆ ಹೋದರು.